ಹೊರಟೆ ಎಂದವರು ಬರುವ ತನಕ

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇತ್ತು. ಯಾರೂ ಬರೆದಿಟ್ಟದ್ದಲ್ಲ, ಯಾರೂ ಹೇಳಿಕೊಟ್ಟದ್ದೂ ಅಲ್ಲ, ಆದರೂ ಗೋಡೆಗೆ ಅಂಟಿಸಿದ ನೂರೆಂಟು ನಿಯಮಗಳಿಗಿಂತ ಅದೇ ಗಟ್ಟಿಯಾಗಿ ನಡೆಯುತ್ತಿತ್ತು. ಹಿರಿಯ ಸರ್ಜನ್ನರು ಬೆಳಿಗ್ಗೆ ಆಪರೇಷನ್ ಥಿಯೇಟರಿಗೆ ಫೋನ್ ಮಾಡಿ "ಹೊರಟೆ" ಎನ್ನುತ್ತಿದ್ದರು. ಹಾಗೆಂದ ಕೂಡಲೇ ಒಳಗಿದ್ದವರು ರೋಗಿಗೆ ಅರಿವಳಿಕೆ ಕೊಟ್ಟು ಮಲಗಿಸಿಬಿಡಬೇಕು. ಅವರು ಬಾಗಿಲು ತಳ್ಳಿಕೊಂಡು ಬರುವಾಗ ರೋಗಿ ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ, ಹಸಿರು ಬಟ್ಟೆ ಹೊದ್ದು ಸಿದ್ಧವಾಗಿರಬೇಕು. ಐದು ನಿಮಿಷ ಕಾಯಬೇಕಾಗಿ ಬಂದರೂ ಅವರ ಮೂಗಿನ ತುದಿಯ ಕೋಪ ಇಡೀ ಥಿಯೇಟರಿಗೆ ಹರಡುತ್ತಿತ್ತು. ತೊಂದರೆ ಇಷ್ಟೇ, ಅವರು "ಹೊರಟೆ" ಎಂದಾಗ ಎಲ್ಲಿಂದ ಹೊರಟರೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂದೊಂದು ದಿನ ಮನೆಯಿಂದ ಹೊರಟಿರುತ್ತಿದ್ದರು, ಒಂದೊಂದು ದಿನ ಹಾಸಿಗೆಯಿಂದ.

ಮಲಗಿಸುವ ಕೆಲಸ ಯಾರದೋ ಅವಳದೇ ಈ ಕಥೆ. ಅರಿವಳಿಕೆ ತಜ್ಞೆ ಎಂಬ ಮಾತು ಮಕ್ಕಳ ನಾಲಿಗೆಗೆ ಹೊರಳದೆ, ವಾರ್ಡಿನ ಯಾವಳೋ ಪೋರಿ 'ನಿದ್ದೆ ಡಾಕ್ಟರ್' ಎಂದಳು, ಅದೇ ಉಳಿಯಿತು. ಇಪ್ಪತ್ತಾರು ವರ್ಷ ಅವಳು ಎಳೆಕೂಸುಗಳ ಮೂಗಿನ ಮೇಲೆ ಮುಖವಾಡ ಹಿಡಿದು ಮಲಗಿಸಿದ್ದಾಳೆ, ಕಿವಿಯ ಬಳಿ ಮೆಲ್ಲಗೆ ಕರೆದು ಎಬ್ಬಿಸಿದ್ದಾಳೆ. ಅವಳ ಕೈಯಲ್ಲಿ ಒಂದೇ ಒಂದು ಮಗು ಏಳದೆ ಹೋದದ್ದಿಲ್ಲ. ಆ ಬಗ್ಗೆ ಅವಳಿಗೆ ಜಂಬವಿತ್ತು, ಇರಬೇಕಾದದ್ದೇ. ಸರ್ಜನ್ನರಿಗೂ ಅವಳೆಂದರೆ ಅಚ್ಚುಮೆಚ್ಚು, ಯಾಕೆಂದರೆ ಅವಳು ಎದುರಾಡುವವಳಲ್ಲ. ಎದುರಾಡುವವನು ಒಬ್ಬನಿದ್ದ, ಅವಳ ಜೊತೆಯವನೇ. "ಸರ್ಜನ್ ಕೈ ತೊಳೆದು ನಿಂತ ಮೇಲೇ ನನ್ನ ಔಷಧ" ಎಂದು ಹಟ ಹಿಡಿಯುತ್ತಿದ್ದ. ಅವನಿಗೆ ಎಲ್ಲರೂ ಸೇರಿ 'ಮೊಂಡ' ಎಂದು ಹೆಸರಿಟ್ಟರು. ಎರಡೇ ವರ್ಷಕ್ಕೆ ಅವನು ಬೇರೆ ಆಸ್ಪತ್ರೆ ನೋಡಿಕೊಳ್ಳಬೇಕಾಯಿತು. ಅವನನ್ನು ಕಳಿಸಿಕೊಟ್ಟ ದಿನ ನಕ್ಕವರಲ್ಲಿ ಅವಳೂ ಇದ್ದಳು.

ಇನ್ನೊಂದು ಪದ್ಧತಿಯೂ ಇತ್ತು. ಆಪರೇಷನ್ ನಡೆಯುವಾಗ ಅರಿವಳಿಕೆಯ ಹಾಳೆಯಲ್ಲಿ ನಾಡಿ, ಉಸಿರು, ಔಷಧದ ಅಳತೆ ಎಲ್ಲವನ್ನೂ ಗಳಿಗೆ ಗಳಿಗೆಗೂ ಗೀಚಿಕೊಳ್ಳುವುದು, ಮುಗಿದ ಮೇಲೆ ಅದನ್ನೇ ಚೊಕ್ಕವಾಗಿ ಬೇರೆ ಹಾಳೆಗೆ ಇಳಿಸಿ ಗೀಚಿದ್ದನ್ನು ಹರಿದು ಹಾಕುವುದು. ಆ ಚೊಕ್ಕ ಪ್ರತಿಯಲ್ಲಿ ಮಲಗಿಸಿದ ಹೊತ್ತು ಯಾವಾಗಲೂ ಸರ್ಜನ್ನರು ಕತ್ತಿ ಹಿಡಿಯುವುದಕ್ಕಿಂತ ಹತ್ತೇ ನಿಮಿಷ ಮುಂಚೆ ಇರುತ್ತಿತ್ತು. ದೊಡ್ಡವರು ತಡಮಾಡಿದ್ದು ಕಾಗದದ ಮೇಲೆ ಕಾಣಬಾರದಲ್ಲ! ಅದು ಸುಳ್ಳು ಎಂದು ಅವಳಿಗೆ ಒಂದು ದಿನವೂ ಅನಿಸಲಿಲ್ಲ. ಮರ್ಯಾದೆ ಎಂದುಕೊಂಡಿದ್ದಳು.

ಇಂಥವಳಿಗೆ ಒಬ್ಬಳೇ ತಂಗಿ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಾಳೆ. ಅವಳ ಹೆಣ್ಣುಕೂಸು ಸೀಳುತುಟಿಯೊಂದಿಗೆ ಹುಟ್ಟಿತು, ಅಂಗುಳವೂ ಸೀಳಿತ್ತು. ಹಾಲು ಕುಡಿಯಲು ಬಾರದೆ ಸದಾ ಬಾಯಿ ತೆರೆದು ಚೀಂವ್ ಚೀಂವ್ ಎನ್ನುತ್ತಿದ್ದ ಅದಕ್ಕೆ ಗುಬ್ಬಿ ಎಂದೇ ಹೆಸರಾಯಿತು. ನಾಲ್ಕು ತಿಂಗಳಿಗೆ ತುಟಿ ಹೊಲಿಸಿದ್ದಾಯಿತು, ಹನ್ನೊಂದು ತಿಂಗಳಿಗೆ ಅಂಗುಳ, ಎರಡೂವರೆ ವರ್ಷಕ್ಕೆ ಅಂಗುಳದಲ್ಲಿ ಉಳಿದ ಒಂದು ಸಣ್ಣ ತೂತು. ಮೂರು ಸಲವೂ ಮಲಗಿಸಿದವಳು ದೊಡ್ಡಮ್ಮನೇ. "ಅಕ್ಕ ಒಳಗಿದ್ರೆ ನಂಗೆ ಧೈರ್ಯ" ಎಂದು ತಂಗಿ ಬೆಂಚಿನ ಮೇಲೆ ಕೂತಿರುತ್ತಿದ್ದಳು.

ಈಗ ಗುಬ್ಬಿಗೆ ಹತ್ತು ವರ್ಷ. ತುಟಿಯ ಮೇಲೆ ದಾರದಂಥ ಒಂದು ಗೆರೆ ಬಿಟ್ಟರೆ ನೋಡಲು ಲಕ್ಷಣವಾದ ಹುಡುಗಿ. ಮಾತಿನಲ್ಲಿ ಮೂಗಿನ ಸ್ವರ ಸ್ವಲ್ಪ ಇದೆ, ಕೀಟಲೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ಓದು ಮಾತ್ರ ತಲೆಗೆ ಹತ್ತುವುದಿಲ್ಲ. ಒಂದು ಸಾಲನ್ನು ಬೆರಳಿಟ್ಟು ಓದುತ್ತ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೆಂಬುದು ಹಾರಿಹೋಗಿರುತ್ತದೆ. ಅಂಗಡಿಯಿಂದ ಎರಡು ಸಾಮಾನು ತಾ ಎಂದರೆ ಒಂದು ತರುತ್ತಾಳೆ. ಮೂರನೇ ತರಗತಿಯಲ್ಲಿ ಎರಡು ವರ್ಷ ಕೂತಳು. ಟೀಚರು ಸೋಮಾರಿ ಎಂದರು, ಮನೆಪಾಠದವರು ಗಮನವಿಲ್ಲ ಎಂದರು. ನಿದ್ದೆ ಡಾಕ್ಟರೇ ಅವಳನ್ನು ಎದುರಿಗೆ ಕೂರಿಸಿಕೊಂಡು, "ಮನಸ್ಸಿಟ್ಟು ಓದಿದ್ರೆ ಬರಲ್ಲ ಅನ್ನೋದು ಯಾವ್ದೂ ಇಲ್ಲ ಕಣೇ. ನಿಂಗೆ ಮೈ ಬಗ್ಗಲ್ಲ ಅಷ್ಟೆ" ಎಂದು ಎಷ್ಟು ಸಲ ಗದರಿಸಿದ್ದಾಳೋ.

ತಂಗಿಗೆ ಮಾತ್ರ ಕಾರಣ ಗೊತ್ತಿತ್ತು. ಗೊತ್ತಿತ್ತು ಎಂದು ಅವಳು ನಂಬಿದ್ದಳು. ಬಸುರಿ ಎಂದು ತಿಳಿಯುವ ಮೊದಲು ಅವಳು ತಲೆನೋವಿಗೆ ಒಂದಷ್ಟು ದಿನ ಮಾತ್ರೆ ನುಂಗಿದ್ದಳು. ಗುಬ್ಬಿ ಹುಟ್ಟಿದ ಮರುದಿನ, ಆ ತುಟಿ ನೋಡಿದ ಸಂಕಟಕ್ಕೆ ಅಕ್ಕನ ಬಾಯಿಂದ ಬಂದುಬಿಟ್ಟಿತ್ತು: "ಡಾಕ್ಟರ್ ಅಂತ ಒಬ್ಳು ಮನೇಲಿದ್ದೀನಲ್ಲ, ಕೇಳದೆ ಯಾಕೆ ಆ ಮಾತ್ರೆ ನುಂಗ್ದೆ?" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ತಂಗಿ ಎಂಥ ತಲೆನೋವು ಬಂದರೂ ಮಾತ್ರೆ ಮುಟ್ಟಿಲ್ಲ. ಗುಬ್ಬಿ ಪ್ರತಿ ಸಲ ಅಂಕಪಟ್ಟಿ ತಂದಾಗಲೂ, "ಎಲ್ಲಾ ನನ್ನಿಂದ್ಲೇ" ಎನ್ನುತ್ತಾಳೆ. ಅಕ್ಕ "ಹಾಗೇನಿಲ್ಲ ಬಿಡೇ" ಎನ್ನುತ್ತಾಳೆ. ಹಾಗೇನಿಲ್ಲ ಎಂದರೆ ಮತ್ತೆ ಹೇಗೆ ಎಂದು ಅವಳು ಹೇಳಿದವಳಲ್ಲ.

ಹೇಳಬಹುದಾಗಿತ್ತು. ಐದು ವರ್ಷದ ಹಿಂದೆ ಡಾಕ್ಟರುಗಳ ಸಭೆಯೊಂದರಲ್ಲಿ ಊಟದ ನಂತರ ಎಲ್ಲರೂ ತೂಕಡಿಸುವ ಹೊತ್ತಿಗೆ, ಒಬ್ಬ ಸಂಶೋಧಕಿ ಪರದೆಯ ಮೇಲೆ ಎರಡು ಚಿತ್ರ ಹಾಕಿದಳು. ಹುಟ್ಟಿ ಏಳು ದಿನವಾದ ಇಲಿಮರಿಗಳ ಮಿದುಳು. ಒಂದಕ್ಕೆ ಆರು ಗಂಟೆ ಅರಿವಳಿಕೆ ಕೊಟ್ಟಿತ್ತು, ಇನ್ನೊಂದಕ್ಕೆ ಇಲ್ಲ. ಕೊಡದ ಮಿದುಳಿನಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ. ಕೊಟ್ಟದ್ದರಲ್ಲಿ ಮೆಣಸಿನಪುಡಿ ಚೆಲ್ಲಿದ ಹಾಗೆ. ಒಂದೊಂದು ಚುಕ್ಕೆಯೂ ಸಾಯುತ್ತಿರುವ ಒಂದು ಜೀವಕೋಶ. ಎಳೆಯ ಮಿದುಳಿನ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಿಕೊಂಡೇ ಬದುಕುತ್ತವೆ, ಬಹಳ ಹೊತ್ತು ಸದ್ದಡಗಿಸಿದರೆ ತಾವು ಯಾರಿಗೂ ಬೇಡವಾದೆವು ಎಂಬಂತೆ ತಾವಾಗಿ ಸಾಯುತ್ತವೆ ಎಂದಳು ಆ ಸಂಶೋಧಕಿ. ಮನುಷ್ಯರ ಮಕ್ಕಳಲ್ಲೂ ಹೀಗೇ ಆಗುತ್ತದೆಂದು ಯಾರೂ ಖಚಿತವಾಗಿ ಹೇಳಲಾರರು, ಒಂದು ಸಲ, ಒಂದು ಗಂಟೆಯೊಳಗಿನ ನಿದ್ದೆಯಿಂದ ಕೆಡುಕಾದ ಹಾಗೆ ಕಾಣುವುದಿಲ್ಲ, ಮೂರು ವರ್ಷದೊಳಗೆ ಮತ್ತೆ ಮತ್ತೆ, ಗಂಟೆಗಟ್ಟಲೆ ಮಲಗಿಸಿದವರ ವಿಷಯದಲ್ಲಿ ಎಚ್ಚರವಿರಲಿ, ಎಂದೂ ಹೇಳಿದಳು. ತೂಕಡಿಸುತ್ತಿದ್ದ ನಿದ್ದೆ ಡಾಕ್ಟರಿಗೆ ಆಮೇಲೆ ಆ ರಾತ್ರಿಯಿಡೀ ಕಣ್ಣು ಮುಚ್ಚಲಾಗಲಿಲ್ಲ. ಆದರೂ ಮನೆಗೆ ಬಂದು ಬಾಯಿ ಬಿಡಲಿಲ್ಲ. ಖಚಿತವಿಲ್ಲ ಎಂದಿದ್ದಾರಲ್ಲ, ಆ ಒಂದು ಮಾತನ್ನೇ ಐದು ವರ್ಷ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದಳು.

ಈ ವರ್ಷ ಗುಬ್ಬಿಗೆ ನಾಲ್ಕನೆಯ ಆಪರೇಷನ್ ಆಗಬೇಕಾಗಿ ಬಂತು. ಸೊಂಟದ ಮೂಳೆಯ ಚೂರು ತೆಗೆದು ಮೇಲಿನ ಒಸಡಿನ ಸಂದಿಗೆ ತುಂಬುವುದು. ಓದಿನ ತೊಂದರೆಗೆ ತೋರಿಸುತ್ತಿದ್ದ ಮಕ್ಕಳ ಡಾಕ್ಟರು ಇದನ್ನು ಕೇಳಿ, ಹಿಂದಿನ ಮೂರು ಸಲ ಒಟ್ಟು ಎಷ್ಟು ಹೊತ್ತು ಅರಿವಳಿಕೆಯಲ್ಲಿದ್ದಳು ಎಂದು ಬರೆಸಿಕೊಂಡು ಬನ್ನಿ ಎಂದರು. ತಂಗಿ ಆ ಚೀಟಿಯನ್ನು ಅಕ್ಕನ ಕೈಗೇ ಕೊಟ್ಟಳು.

"ನೀನೇ ಅಲ್ವಾ ಕೊಟ್ಟಿದ್ದು. ಎಲ್ಲೋ ಬರ್ದಿಟ್ಟಿರ್ತೀಯ."

"ಹೂಂ, ನೋಡ್ತೀನಿ."

"ಈ ಸಲಾನೂ ನೀನೇ ಮಲಗಿಸ್ಬೇಕು ಮತ್ತೆ. ಬೇರೆಯವ್ರ ಕೈಗೆ ನಾನು ಕೊಡಲ್ಲ."

ದಾಖಲೆ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಅಲ್ಲಿನ ಗುಮಾಸ್ತ ಮಾತಿನ ಮಲ್ಲ. "ಬನ್ನಿ ಮೇಡಂ, ಇಲ್ಲಿ ಮಲಗಿಸೋಕೆ ಯಾರೂ ಇಲ್ಲ, ಎಲ್ಲಾ ಆಗ್ಲೇ ಮಲಗಿರೋವೇ" ಎಂದು ಕಪಾಟು ತೋರಿಸಿದ. ಮೂರು ಕಡತಗಳನ್ನೂ ಹುಡುಕಿ ತಂದು, ಧೂಳು ಕೊಡವಿ, ಮೇಜಿನ ಮೇಲಿಟ್ಟ. ನಿದ್ದೆ ಡಾಕ್ಟರ್ ತನ್ನದೇ ಅಕ್ಷರ ನೋಡಿದಳು. ಎಷ್ಟು ದುಂಡಗೆ ಬರೆದಿದ್ದಳು! ಮೂರೂ ಸೇರಿ ಮೂರೂವರೆ ಗಂಟೆ. ಒಂದು ಕಾಟು ಹೊಡೆದದ್ದಿಲ್ಲ, ಒಂದು ಚಿತ್ತಿಲ್ಲ.

ಹನ್ನೊಂದು ತಿಂಗಳಿನ ಆ ಬೆಳಿಗ್ಗೆ ಅವಳಿಗೆ ನೆನಪಿತ್ತು. ಎಂಟು ಗಂಟೆಗೆ ಫೋನ್ ಬಂತು, "ಹೊರಟೆ". ಹಸಿದು ಕಿರುಚುತ್ತಿದ್ದ ಗುಬ್ಬಿಯನ್ನು ಅವಳು ಎಂಟೂ ಐದಕ್ಕೆ ಮಲಗಿಸಿದಳು. ಸರ್ಜನ್ನರು ದಾರಿಯಲ್ಲಿ ತಮ್ಮ ಸ್ವಂತ ಕ್ಲಿನಿಕ್ಕಿಗೆ ಹೋಗಿ ಇನ್ನೊಬ್ಬರ ಕೇಸು ನೋಡಿ ಬಂದರು. ಅಲ್ಲಿಯವರೆಗೆ ಕೂಸು ಬಾಯಲ್ಲಿ ನಳಿಕೆ ಇಟ್ಟುಕೊಂಡು ಸುಮ್ಮನೆ ಮಲಗಿತ್ತು, ಯಾರೂ ಏನೂ ಮಾಡುತ್ತಿರಲಿಲ್ಲ. ಎಬ್ಬಿಸಿಬಿಡೋಣವೇ ಎಂದು ಒಮ್ಮೆ ಅನ್ನಿಸಿತ್ತು. ಎಬ್ಬಿಸಿ ಮತ್ತೆ ಮಲಗಿಸುವುದು ಇನ್ನೂ ಅಪಾಯ, ಈಗ ಬಂದೇಬಿಡುತ್ತಾರೆ ಎಂದು ಔಷಧವನ್ನು ಇನ್ನಷ್ಟು, ಇನ್ನಷ್ಟು ಕೊಡುತ್ತ ಹೋದಳು. ಕಾಗದ ಹೇಳುತ್ತಿತ್ತು: ಮಲಗಿಸಿದ್ದು ಒಂಬತ್ತೂ ಐವತ್ತೈದಕ್ಕೆ.

"ಥಿಯೇಟರ್ ಬಾಗಿಲಿನ ರಿಜಿಸ್ಟರ್ ಇದೆಯಾ?" ಎಂದು ಕೇಳಿದಳು. ರೋಗಿ ಹೊಸ್ತಿಲು ದಾಟಿದ ಹೊತ್ತನ್ನು ನರ್ಸುಗಳು ಬರೆದಿಡುವ ಪುಸ್ತಕ ಅದು. ಅದೂ ಸಿಕ್ಕಿತು. ಸುಳ್ಳು ಬರೆಯಿರಿ ಎಂದು ನರ್ಸುಗಳಿಗೆ ಯಾರೂ ಹೇಳಿರಲಿಲ್ಲ, ಹಾಗಾಗಿ ಅವರು ನಿಜವನ್ನೇ ಬರೆದಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರೆ ಕಾಗದಕ್ಕೆ ಬಾರದ ಹೊತ್ತು ಮೊದಲ ಸಲ ಮುಕ್ಕಾಲು ಗಂಟೆ, ಎರಡನೆಯ ಸಲ ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ, ಮೂರನೆಯ ಸಲ ಅರ್ಧ ಗಂಟೆ. ಮೂರು ಗಂಟೆ ಕಾಲ ಆ ಮಗು ಯಾವ ಕಾರಣಕ್ಕೂ ಅಲ್ಲದೆ, ಒಬ್ಬ ದೊಡ್ಡ ಮನುಷ್ಯರಿಗೆ ಬೇಜಾರಾಗದಿರಲಿ ಎಂದು ಪ್ರಜ್ಞೆ ತಪ್ಪಿ ಮಲಗಿತ್ತು. ಮೊಂಡನ ಮುಖ ಕಣ್ಣ ಮುಂದೆ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ಇದಕ್ಕೇ.

ಚೀಟಿಯಲ್ಲಿ ಮೂರೂವರೆ ಗಂಟೆ ಎಂದು ಬರೆದುಬಿಡಬಹುದಿತ್ತು. ಕಡತದಲ್ಲಿ ಇರುವುದೇ ಅದು, ಕೇಳುವವರು ಯಾರು? ಸರ್ಜನ್ನರು ನಿವೃತ್ತರಾಗಿ ಎಷ್ಟೋ ಕಾಲವಾಗಿದೆ. ಬರೆದರೆ ತಂಗಿ ಮಾತ್ರೆಯ ಪಾಪವನ್ನು ಸಾಯುವ ತನಕ ಹೊತ್ತುಕೊಂಡಿರುತ್ತಾಳೆ, ಅಕ್ಕ ಮಾತ್ರ ಅಚ್ಚುಮೆಚ್ಚಿನ ಅಕ್ಕನಾಗಿಯೇ ಉಳಿಯುತ್ತಾಳೆ. ಎರಡು ದಿನ ಚೀಟಿ ಖಾಲಿಯಾಗಿಯೇ ಪರ್ಸಿನಲ್ಲಿತ್ತು. ಮೂರನೆಯ ದಿನ ಮಧ್ಯಾಹ್ನ ಕನ್ನಡಕದ ಅಂಗಡಿಗೆ ಹೋದಳು.

ತಂಗಿ ಒಬ್ಬಳೇ ಇದ್ದಳು. ಯಾರದೋ ಕನ್ನಡಕದ ಕೈ ಸಡಿಲವಾಗಿತ್ತು, ಸಾಸಿವೆಯಷ್ಟಿದ್ದ ತಿರುಪನ್ನು ಚಿಮುಟದಲ್ಲಿ ಹಿಡಿದು ಕೂರಿಸುತ್ತಿದ್ದಳು. ನಿದ್ದೆ ಡಾಕ್ಟರ್ ಎದುರಿನ ಸ್ಟೂಲಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಫೋನ್, ಕಾದದ್ದು, ಚೊಕ್ಕ ಪ್ರತಿ, ಇಲಿಮರಿ. "ಇದ್ರಿಂದ್ಲೇ ಗುಬ್ಬಿಗೆ ಹೀಗಾಯ್ತು ಅಂತ ನಾನು ಹೇಳಕ್ಕಾಗಲ್ಲ. ಅಲ್ಲ ಅಂತಾನೂ ಹೇಳಕ್ಕಾಗಲ್ಲ. ಆದ್ರೆ ಬೇಡದೇ ಇದ್ದ ಮೂರು ಗಂಟೆ ಮಲಗಿಸ್ದೋಳು ನಾನು" ಎಂದಳು.

ತಂಗಿ ಚಿಮುಟದಲ್ಲಿದ್ದ ತಿರುಪಿನಿಂದ ಕಣ್ಣೆತ್ತದೆಯೇ ಅಂದಳು.

"ನಾನೇ ಅಲ್ವಾ ಅವತ್ತು ಬೇಗ ಒಳಗೆ ಕರ್ಕೊಂಡು ಹೋಗು ಅಂದಿದ್ದು? ಹಸಿವಿಗೆ ಅಳೋದು ನೋಡಕ್ಕಾಗ್ದೆ ನಾನೇ ನಿನ್ನ ಕೈಗೆ ಕೊಟ್ಟೆ. ಸ್ವಲ್ಪ ತಡ್ಕೊಂಡಿದ್ರೆ..."

"ಅಯ್ಯೋ, ಬೇಡ ಕಣೇ! ಇದನ್ನೂ ನಿನ್ನ ತಲೆ ಮೇಲೆ ಹಾಕ್ಕೋಬೇಡ. ನೀನು ಏನೂ ಮಾಡಿಲ್ಲ. ಆ ಮಾತ್ರೆನೂ ಅಷ್ಟೆ. ಅದ್ರಿಂದ ಆಯ್ತು ಅನ್ನಕ್ಕೆ ಅವತ್ತೂ ನನ್ನ ಹತ್ರ ಆಧಾರ ಇರ್ಲಿಲ್ಲ, ಇವತ್ತೂ ಇಲ್ಲ. ಸಂಕಟಕ್ಕೆ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

ತಂಗಿ ಚಿಮುಟ ಕೆಳಗಿಟ್ಟಳು. "ಬಾಯಿಗೆ ಬಂದಿದ್ದು" ಎಂದಳು. ಅವಳು ದನಿ ಏರಿಸಲಿಲ್ಲ, ಏರಿಸಿದ್ದರೆ ಅಕ್ಕನಿಗೆ ಎಷ್ಟೋ ವಾಸಿಯಾಗುತ್ತಿತ್ತು. "ಮೂರು ಗಂಟೆ ನಿಂಗೆ ಗೊತ್ತಿಲ್ದೆ ಆಯ್ತು ಅಕ್ಕ. ಆಗ ಯಾರಿಗೂ ಗೊತ್ತಿರ್ಲಿಲ್ವೇನೋ. ಆದ್ರೆ ಈ ಐದು ವರ್ಷ ನಿಂಗೆ ಗೊತ್ತಿತ್ತಲ್ಲ. ನಾನು ನಿನ್ನ ಮುಂದೆ ಕೂತ್ಕೊಂಡು ನನ್ನಿಂದ್ಲೇ, ನನ್ನಿಂದ್ಲೇ ಅಂತಿದ್ದಾಗ, ನೀನು ಕಾಫಿ ಕುಡೀತಾ ಕೇಳಿಸ್ಕೊಂಡ್ಯಲ್ಲ."

ಗಿರಾಕಿಯೊಬ್ಬರು ಬಂದರು. ತಂಗಿ ಎದ್ದು ಹೋಗಿ, ನಗುತ್ತಲೇ ಕನ್ನಡಕ ಹಾಕಿ ತೋರಿಸಿ, ಕಿವಿಯ ಹಿಂದೆ ಒತ್ತುತ್ತದೆಯೇ ಎಂದು ವಿಚಾರಿಸಿ ಕಳಿಸಿದಳು. ತಿರುಗಿ ಬಂದವಳು ಕೂರಲಿಲ್ಲ.

"ಚೀಟೀಲಿ ನಿಜ ಬರಿ. ಮತ್ತೆ, ಈ ಸಲ ನೀನು ಬೇಡ."

ಅಕ್ಕ ಚೀಟಿಯಲ್ಲಿ ಆರೂವರೆ ಗಂಟೆ ಎಂದು ಬರೆದು, ಕೆಳಗೆ ಸಹಿ ಹಾಕಿ ಕೊಟ್ಟಳು. ಮರುದಿನ ಆಸ್ಪತ್ರೆಗೂ ಒಂದು ಪತ್ರ ಬರೆದಳು, ತನ್ನ ಹಳೆಯ ಚೊಕ್ಕ ಪ್ರತಿಗಳಲ್ಲಿರುವ ಹೊತ್ತನ್ನು ನಂಬಬೇಡಿ ಎಂದು. ಆ ಪತ್ರವನ್ನು ಓದಿದವರು ಮುಖ ಮುಖ ನೋಡಿಕೊಂಡರಂತೆ. ಅದು ಬೇರೆಯೇ ಕಥೆ.

ಮಕ್ಕಳ ಡಾಕ್ಟರು ಚೀಟಿ ನೋಡಿ, ಹತ್ತು ವರ್ಷದ ಮಿದುಳಿಗೆ ಅಷ್ಟು ಭಯವಿಲ್ಲ, ಅಗತ್ಯವಿರುವ ಆಪರೇಷನ್ ನಿಲ್ಲಿಸಬೇಡಿ, ಓದಿಗೆ ಬೇರೆ ರೀತಿಯ ಪಾಠ ಶುರುಮಾಡೋಣ ಎಂದರಂತೆ. ಇದೆಲ್ಲ ಅಕ್ಕನಿಗೆ ತಿಳಿದದ್ದು ತಂಗಿಯ ಗಂಡನಿಂದ, ಫೋನಿನಲ್ಲಿ. ಬೇರೆ ಆಸ್ಪತ್ರೆ ಗೊತ್ತು ಮಾಡಿದ್ದರು. ಬರಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಅವಳು ಹೋದಳು.

ಥಿಯೇಟರಿನ ಹೊರಗೆ ಕಬ್ಬಿಣದ ಬೆಂಚು. ತಂಗಿ ಒಂದು ಕೊನೆಯಲ್ಲಿ, ನಡುವೆ ಆಸ್ಪತ್ರೆಯ ದೊಗಲೆ ಅಂಗಿ ತೊಟ್ಟ ಗುಬ್ಬಿ. ನಿದ್ದೆ ಡಾಕ್ಟರ್ ಇನ್ನೊಂದು ಕೊನೆಯಲ್ಲಿ ಕೂತಳು. ತಂಗಿ ತಲೆಯೆತ್ತಿ ನೋಡಿದಳು, ಹೋಗೆನ್ನಲಿಲ್ಲ. ಸರ್ಜನ್ ಇನ್ನೂ ಬಂದಿರಲಿಲ್ಲ. ಇಲ್ಲಿಯ ಅರಿವಳಿಕೆ ಡಾಕ್ಟರು, ಮೀಸೆ ಇನ್ನೂ ಸರಿಯಾಗಿ ಬಲಿಯದ ಒಬ್ಬ ಯುವಕ, ಹೊರಗೆ ಬಂದು, "ಸರ್ ಬಂದು ರೆಡಿ ಆದ್ಮೇಲೇ ಮಗೂನ ಒಳಗೆ ತಗೋತೀವಿ. ಸ್ವಲ್ಪ ಕಾಯ್ಬೇಕು, ಬೇಜಾರ್ ಮಾಡ್ಕೋಬೇಡಿ" ಎಂದು ಹೇಳಿ ಹೋದ. ಎಷ್ಟು ಸಲೀಸಾಗಿ ಹೇಳಿದ! ಇಪ್ಪತ್ತಾರು ವರ್ಷದಲ್ಲಿ ಅವಳ ಬಾಯಿಗೆ ಬಾರದ ಮಾತು ಅದು.

ಗುಬ್ಬಿಗೆ ಹಸಿವು, ಭಯ, ಬೇಸರ. ಕಾಲು ಅಲ್ಲಾಡಿಸುತ್ತ ಕೇಳಿತು.

"ದೊಡ್ಡಮ್ಮ, ಈ ಸಲ ನೀನ್ಯಾಕೆ ಒಳಗೆ ಬರಲ್ಲ?"

ನಿದ್ದೆ ಡಾಕ್ಟರ್ ತಂಗಿಯ ಕಡೆ ನೋಡಿದಳು. ತಂಗಿ ಎದುರಿನ ಗೋಡೆಯನ್ನೇ ನೋಡುತ್ತ, "ನೀನೇ ಹೇಳು" ಎಂದಳು.

ಅವಳು ಹೇಳಿದಳು. ಮಕ್ಕಳಿಗೆ ಹೇಳುವ ಹಾಗೆ ಬಣ್ಣ ಕಟ್ಟದೆ, ಇದ್ದದ್ದನ್ನು ಇದ್ದ ಹಾಗೆ. "ನೀನು ಕೂಸಾಗಿದ್ದಾಗ ನಿನ್ನನ್ನ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಮಲಗಿಸ್ಬಿಟ್ಟೆ, ಮಗಳೇ. ಡಾಕ್ಟರ್ ಬರೋ ಮುಂಚೇನೇ ಔಷಧ ಕೊಟ್ಟೆ. ಅಷ್ಟೊಂದು ಔಷಧ ಎಳೇ ಮಕ್ಕಳ ಮಿದುಳಿಗೆ ಒಳ್ಳೇದಲ್ವೇನೋ ಅಂತ ಆಮೇಲೆ ಗೊತ್ತಾಯ್ತು. ನಂಗೆ ಗೊತ್ತಾದ್ಮೇಲೂ ನಿಮ್ಮಮ್ಮಂಗೆ ಹೇಳ್ದೆ ಸುಮ್ನಿದ್ದೆ. ತಪ್ಪು ಮಾಡ್ದೆ."

ಗುಬ್ಬಿಯ ಕಾಲು ನಿಂತಿತು. ಹಣೆ ಗಂಟಿಕ್ಕಿಕೊಂಡು ಯೋಚಿಸಿತು. ಪಾಠದ ಪುಸ್ತಕದ ಮುಂದೆ ಮಾಡುವ ಮುಖವೇ ಅದು, ಗಮನವಿಲ್ಲ ಎಂದು ಎಲ್ಲರೂ ಬೈಯುವ ಮುಖ. ಅಷ್ಟು ಗಮನವಿಟ್ಟು ಯಾವ ಮಗುವೂ ತನ್ನ ಮಾತು ಕೇಳಿದ್ದನ್ನು ನಿದ್ದೆ ಡಾಕ್ಟರ್ ಕಂಡಿರಲಿಲ್ಲ.

"ಅದಕ್ಕೇನಾ ನಂಗೆ ಓದಿದ್ದು ನೆನಪಿರಲ್ಲ?"

"ಗೊತ್ತಿಲ್ಲ ಪುಟ್ಟಿ. ಇರಬಹುದು. ಇಲ್ದೇನೂ ಇರಬಹುದು. ಯಾರಿಗೂ ಗೊತ್ತಾಗಲ್ಲ."

"ಅಂದ್ರೆ," ಗುಬ್ಬಿ ಅವಳ ತೋಳು ಹಿಡಿದುಕೊಂಡಿತು, ದನಿ ಇಳಿಸಿತು, "ನಾನು ಸೋಮಾರಿ ಅಲ್ಲ, ಅಲ್ವಾ?"

ತಂಗಿ ಅಷ್ಟು ಹೊತ್ತು ಬಿಗಿಹಿಡಿದದ್ದನ್ನು ಬಿಟ್ಟು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಹತ್ತು ವರ್ಷದಿಂದ ತಾನೊಬ್ಬಳೇ ಹೊತ್ತಿದ್ದೇನೆಂದು ಅವಳು ಅಂದುಕೊಂಡಿದ್ದಳು. ಮಗಳೂ ತನ್ನ ಪಾಲಿನದನ್ನು ಸದ್ದಿಲ್ಲದೆ ಹೊತ್ತುಕೊಂಡು ಶಾಲೆಗೆ ಹೋಗಿ ಬರುತ್ತಿದ್ದಳೆಂದು ಇಬ್ಬರಿಗೂ ತಿಳಿದಿರಲಿಲ್ಲ.

"ಅಲ್ಲ" ಎಂದಳು ನಿದ್ದೆ ಡಾಕ್ಟರ್. "ನೀನು ಸೋಮಾರಿ ಅಲ್ಲ. ಯಾವತ್ತೂ ಆಗಿರ್ಲಿಲ್ಲ. ಹಾಗಂದಿದ್ದು ನನ್ನ ತಪ್ಪು."

ಗುಬ್ಬಿ ಒಂದು ಕ್ಷಣ ಅವಳನ್ನೇ ನೋಡಿ, ಅಮ್ಮನ ಕಡೆ ತಿರುಗಿ, "ಕೇಳಿಸ್ತಾ ಅಮ್ಮ? ಟೀಚರ್‌ಗೂ ಹೇಳ್ಬೇಕು ನೀನು" ಎಂದಿತು. ಅಷ್ಟರಲ್ಲಿ ಬಾಗಿಲು ತೆರೆದು ಆ ಯುವಕ, ಸರ್ಜನ್ ಬಂದರು ಎಂದ. ಗುಬ್ಬಿ ಅಂಗಿ ಎತ್ತಿ ಹಿಡಿದುಕೊಂಡು, ಇಬ್ಬರಲ್ಲಿ ಯಾರನ್ನೂ ತಿರುಗಿ ನೋಡದೆ, ಅವನ ಜೊತೆ ತಾನಾಗಿ ನಡೆದು ಒಳಗೆ ಹೋಯಿತು.